ಹೆಂಡತಿಯ ಬಂದೂಕು, ನನ್ನ ರಿಪೇರಿ

ನಾನು ಮಗ್ಗದ ಮಿಸ್ತ್ರಿ. ಬನಹಟ್ಟಿಯಲ್ಲಿ ಯಾರ ಪವರ್‌ಲೂಮ್ ಕೆಟ್ಟರೂ ಮೊದಲು ದೇವರನ್ನು ನೆನೆಸುತ್ತಾರೆ, ಆಮೇಲೆ ನನಗೆ ಫೋನ್ ಮಾಡುತ್ತಾರೆ. ದೇವರು ಬರುವುದು ತಡವಾದೀತು, ನಾನು ಹತ್ತು ನಿಮಿಷದಲ್ಲಿ ಹಾಜರು. ಮಗ್ಗದ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳಬಲ್ಲೆ. ತನ್ನನ್ನು ತಾನೇ ಹೊಗಳಿಕೊಳ್ಳುತ್ತಾನೆ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ. ಉಳಿದವರೂ ಹಾಗೇ ಹೇಳುತ್ತಾರೆ, ಅವರನ್ನು ಕೇಳಲು ನಮ್ಮ ಓಣಿಗೆ ಬರಬೇಕು, ಅಷ್ಟೇ. ಇಂಥ ಮಿಸ್ತ್ರಿಯನ್ನು ಬಂದೂಕಿನ ಮೇಲೆ ಕೂರಿಸುವ ಒಂದು ಗೇಣುದ್ದದ ದುರ್ಬೀನು ಐದು ವಾರ ಕುಣಿಸಿತು.

ಬಂದೂಕು ನನ್ನದಲ್ಲ, ನನ್ನ ಹೆಂಡತಿಯದು. ಬಂದೂಕು ಎಂದರೆ ಹೆದರಬೇಡಿ, ಅದು ಏರ್‌ಗನ್ನು. ನಳಿಗೆಯನ್ನು ಮುರಿದಂತೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಹಿಂದೆ ಹೋಗಿ ಕೂರುತ್ತದೆ, ತೊಗರಿಕಾಳಿನಷ್ಟು ಸೀಸದ ಗುಂಡು ಇಟ್ಟು ಕುದುರೆ ಒತ್ತಿದರೆ ಆಯಿತು. ಬೀಳಗಿ ತಾಲೂಕಿನ ಅನಗವಾಡಿಯಲ್ಲಿ ನನ್ನ ಹೆಂಡತಿಯ ತಮ್ಮನಿದ್ದಾನೆ, ಹೊಳೆಯ ದಂಡೆಗೆ ಹೊಲ. ಸೂರ್ಯಕಾಂತಿಗೆ ಗಿಣಿ ಬಂದರೆ ತಗಡಿನ ಡಬ್ಬಿಗೆ ಗುಂಡು ಹೊಡೆದು ಸದ್ದು ಮಾಡಿ ಓಡಿಸಬೇಕೆಂದು ಅವನು ಅದನ್ನು ಕೊಂಡಿದ್ದ. ಡಬ್ಬಿಗೆ ಒಂದು ಗುಂಡೂ ತಾಕಲಿಲ್ಲ. ಗಿಣಿಗಳು ಅವನನ್ನು ನೋಡುತ್ತ ಕೂತು ಕಾಳು ತಿಂದವು. ತವರಿಗೆ ಹೋದ ನನ್ನ ಹೆಂಡತಿ, "ಕೊಡಿಲ್ಲಿ" ಎಂದು ತೆಗೆದುಕೊಂಡು, ಸೆರಗು ಸಿಕ್ಕಿಸಿ, ಬದುವಿನ ಮೇಲೆ ಮೊಣಕೈ ಊರಿ ಹೊಡೆದಳು. ಡಬ್ಬಿ ಠಣ್ ಎಂದಿತು. ಮತ್ತೆ ಹೊಡೆದಳು, ಮತ್ತೆ ಠಣ್. ಎಂಟನೆಯ ಠಣ್‌ಗೆ ತಮ್ಮ ಕೈ ಮುಗಿದು, "ಅಕ್ಕಾ, ನೀನs ಒಯ್ಯಿ ಇದನ್ನ, ನನ್ನ ಮರ್ಯಾದಿ ಉಳಸು" ಎಂದ.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅವಳ ಕಣ್ಣು ನಮ್ಮ ಓಣಿಗೆಲ್ಲ ಗೊತ್ತು. ಒಬ್ಬ ಮಾಲೀಕರ ಮಗ್ಗಗಳಲ್ಲಿ ಕೆಚ್ಚುವುದು ಅವಳ ಕೆಲಸ. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲಿಗೆ ನಾವು ಹಾಸು ಎನ್ನುತ್ತೇವೆ. ಹಳೆಯ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯದರ ತುದಿಗೆ ಬೆರಳಲ್ಲಿ ಹೊಸೆದು ಕೂಡಿಸಬೇಕು, ಅದೇ ಕೆಚ್ಚುವುದು. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಒಂದು ತಪ್ಪಿದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಹದಿನಾಲ್ಕನೆಯ ವಯಸ್ಸಿನಿಂದ ನಲವತ್ತಾರನೆಯ ವಯಸ್ಸಿನವರೆಗೆ ಅವಳು ಕೆಚ್ಚಿದ ಹಾಸಿನಲ್ಲಿ ಗೆರೆ ಬಿದ್ದದ್ದನ್ನು ನಾನು ನೋಡಿಲ್ಲ. ಮದುವೆಯಾದ ಹೊಸದರಲ್ಲಿ ಹುಡುಕಿದ್ದೆ, ಜಗಳದಲ್ಲಿ ಎತ್ತಿ ಆಡಲು ಒಂದಾದರೂ ಇರಲಿ ಎಂದು. ಸಿಗಲಿಲ್ಲ.

ನಮ್ಮ ಶೆಡ್ಡಿನ ಹಿಂದೆ ಉದ್ದನೆಯ ಖಾಲಿ ಜಾಗವಿದೆ. ಹಿಂದೆ ಕೈಮಗ್ಗದ ಕಾಲದಲ್ಲಿ ಅಲ್ಲಿ ಹಾಸು ಚಾಚಿ ಗಂಜಿ ಹಚ್ಚುತ್ತಿದ್ದರು. ತುದಿಗೆ ದಪ್ಪ ಕಲ್ಲಿನ ಗೋಡೆ. ಅದಕ್ಕೆ ಉಸುಕಿನ ಚೀಲ ಒರಗಿಸಿ, ಚೀಲದ ಮುಂದೆ ದಾರಕ್ಕೆ ಸೋಡಾ ಬಾಟಲಿಯ ಮುಚ್ಚಳ ಕಟ್ಟಿದೆವು. ಸಂಜೆ ಐದಕ್ಕೆ ಕೆಲಸ ಬಿಟ್ಟು ಅವಳು ಅಲ್ಲಿ ಹೊಡೆಯುವಳು, ನಾನು ಚಹಾ ಕುಡಿಯುತ್ತ ಸಲಹೆ ಕೊಡುವೆನು. ನನ್ನ ಸಲಹೆಯನ್ನು ಕೇಳದ ದಿನ ಅವಳಿಗೆ ಹೆಚ್ಚು ತಾಗುತ್ತಿತ್ತು.

ಆಗ ಲೋಕಾಪುರದ ಕಡೆಯ ಒಬ್ಬ ನಿವೃತ್ತ ಸೈನಿಕರು ತಮ್ಮ ಹೊಲದಲ್ಲಿ ಏರ್‌ಗನ್ ಪಂದ್ಯ ಇಟ್ಟಿದ್ದಾರೆಂದು ಸುದ್ದಿ ಬಂತು. ಹೆಂಗಸರು ಗಂಡಸರು ಯಾರೂ ಬರಬಹುದು, ಒಂದು ಭಾನುವಾರ, ಇಪ್ಪತ್ತು ಮೀಟರು ದೂರದಲ್ಲಿ ತೂಗುವ ಮುಚ್ಚಳ, ದುರ್ಬೀನು ಬಳಸಲು ಅಡ್ಡಿಯಿಲ್ಲ. ನಾನು ಮೊಬೈಲಿನಲ್ಲೇ ಒಂದು ದುರ್ಬೀನು, ಅಂದರೆ ಸ್ಕೋಪು, ತರಿಸಿದೆ. ಹೆಂಡತಿ ಬೇಡ ಎಂದಳು. "ಬರೇ ಕಣ್ಣಿಗೇ ಛಲೋ ಕಾಣಸ್ತದಲ್ರಿ, ಅದೇನಕ್ಕ?" ಎಂದಳು. "ಮಂದಿ ತರ್ತಾರ, ನಾವು ತರದಿದ್ರ ಹೆಂಗ?" ಎಂದೆ. ಇದು ನನ್ನ ಜೀವನದ ಬಹಳಷ್ಟು ಖರ್ಚಿಗೆ ಕಾರಣವಾದ ಮಾತು.

ದುರ್ಬೀನಿನೊಳಗೆ ಅಡ್ಡ ಒಂದು, ಉದ್ದ ಒಂದು ಸಣ್ಣ ಗೆರೆ ಇರುತ್ತವೆ. ಆ ಗೆರೆಗಳು ಕೂಡುವ ಜಾಗ ಎಲ್ಲಿ ತೋರಿಸುತ್ತದೋ ಗುಂಡು ಅಲ್ಲೇ ಹೋಗುವಂತೆ ಹೊಂದಿಸಬೇಕು. ಅದಕ್ಕೆ ಎರಡು ತಿರುಪು: ಮೇಲಿನದು ಗುಂಡನ್ನು ಮೇಲೆ ಕೆಳಗೆ ಸರಿಸುತ್ತದೆ, ಬದಿಯದು ಎಡಕ್ಕೆ ಬಲಕ್ಕೆ. ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತವೆ. ಎರಡು ಬಳೆಗಳಲ್ಲಿ ದುರ್ಬೀನನ್ನು ಹಿಡಿಸಿ, ಬಳೆಗಳನ್ನು ಬಂದೂಕಿನ ಬೆನ್ನ ಮೇಲಿನ ಹಳಿಗೆ ಸ್ಕ್ರೂ ಹಾಕಿ ಬಿಗಿದೆ. ಮೊದಲ ಸಂಜೆ ಹನ್ನೆರಡು ಗುಂಡಿನಲ್ಲಿ ಎಲ್ಲ ಕೂಡಿಬಂತು. ಹದಿಮೂರನೆಯದಕ್ಕೆ ಮುಚ್ಚಳ ಹಾರಿತು. ಹೆಂಡತಿ ದುರ್ಬೀನಿನಿಂದ ಕಣ್ಣು ತೆಗೆದು, "ಅಯ್ಯ, ಮುಚ್ಚಳದ ಮ್ಯಾಲಿನ ಅಕ್ಷರಾನೂ ಓದಾಕ ಬರ್ತಾವಲ್ರೀ!" ಎಂದು ನಕ್ಕಳು. ಅವಳು ಹಾಗೆ ನಕ್ಕರೆ ನನಗೆ ಇನ್ನೊಂದು ದುರ್ಬೀನು ಕೊಳ್ಳುವ ಮನಸ್ಸಾಗುತ್ತದೆ.

ನಾನು ಮುಂಜಾನೆ ಏಳುವುದು ಐದೂವರೆಗೆ. ಎದ್ದವನೇ ನಮ್ಮ ಶೆಡ್ಡಿನ ನಾಲ್ಕೂ ಮಗ್ಗ ಒರೆಸಿ, ಎಣ್ಣೆ ಬಿಟ್ಟು, ಬೆಲ್ಟು ನೋಡಿ, ಅಲ್ಲೇ ಮೂಲೆಯಲ್ಲಿದ್ದ ಬಂದೂಕನ್ನೂ ಒರೆಸಿ ಇಡುತ್ತಿದ್ದೆ. ಯಾವ ಕಬ್ಬಿಣವನ್ನೂ ನಾನು ಹಾಗೇ ಬಿಡುವವನಲ್ಲ. ಮನೆಯ ಕದದ ಕೀಲು ಕಿರ್ ಎಂದರೆ ನನಗೆ ಊಟ ಸೇರುವುದಿಲ್ಲ.

ಎರಡನೆಯ ಸಂಜೆ ಮೊದಲ ಗುಂಡು ಮುಚ್ಚಳದ ಮೇಲೆ ನಾಲ್ಕು ಬೆರಳು ಹೋಯಿತು. ಜೊತೆಗೆ ಫಟ್ ಎಂದು ದೊಡ್ಡ ಸದ್ದಾಗಿ ನಳಿಗೆಯ ಬಾಯಲ್ಲಿ ತೆಳ್ಳನೆಯ ಹೊಗೆ ಬಂತು. "ನೋಡಿದೇನ, ಬಂದೂಕಿಗೆ ಈಗ ಜೀವ ಬಂತು!" ಎಂದು ನಾನು ಹಿಗ್ಗಿದೆ. ಜೀವ ಬಂದ ಬಂದೂಕು ಎರಡನೆಯ ಗುಂಡನ್ನು ಕೆಳಗೆ ಹಾಕಿತು, ಮೂರನೆಯದನ್ನು ಎಡಕ್ಕೆ ಹಾಕಿತು.

ಇಲ್ಲಿ ನಾನು ಮಗ್ಗದವರು ಮಾತ್ರ ಮಾಡುವ ಒಂದು ತಪ್ಪು ಮಾಡಿದೆ. ಮಗ್ಗದಲ್ಲಿ ಎಳೆ ಹರಿದರೆ ಆ ಕ್ಷಣಕ್ಕೇ ನಿಲ್ಲಿಸಬೇಕು. ಲಾಳಿ ಇನ್ನೊಂದು ಸಲ ಆಚೆ ಈಚೆ ಓಡಿತೋ, ಬಟ್ಟೆ ಕೆಟ್ಟಿತು. ತಪ್ಪು ಕಂಡ ಮೇಲೆ ಇನ್ನೊಂದು ಏಟು ಬಿಡುವುದು ನಮ್ಮ ಕೈಗೆ ಗೊತ್ತೇ ಇಲ್ಲ. ಹಾಗಾಗಿ ಗುಂಡು ಮೇಲೆ ಹೋದರೆ ಓಡಿಹೋಗಿ ತಿರುಪನ್ನು ಕೆಳಗೆ ತಿರುಗಿಸಿದೆ, ಎಡಕ್ಕೆ ಹೋದರೆ ಬಲಕ್ಕೆ. ಪ್ರತಿ ಗುಂಡಿಗೂ ನಾನು, ಪ್ರತಿ ಗುಂಡಿಗೂ ಟಿಕ್ ಟಿಕ್. ಹೆಂಡತಿ ಎರಡು ಸಲ ಹೇಳಿದಳು, "ಅಲ್ರೀ, ಒಂದೀಟು ತಡೀರಿ, ನಾಕಾರು ಹೊಡೆದು ನೋಡೂಣು" ಎಂದು. "ತಪ್ಪು ಕಣ್ಣ ಮುಂದ ಐತಿ, ಏನ್ ತಡಿಯೂದು?" ಎಂದೆ. ಐವತ್ತು ಗುಂಡು ಮುಗಿಯುವ ಹೊತ್ತಿಗೆ ಮುಚ್ಚಳವೊಂದನ್ನು ಬಿಟ್ಟು ಗೋಡೆಯ ಎಲ್ಲ ಕಡೆಗೂ ತಾಗಿತ್ತು.

ಮುಂದಿನ ವಾರಗಳನ್ನು ವಿವರಿಸಿದರೆ ನನ್ನ ಮಾನವೇ ಹೋಗುತ್ತದೆ, ಆದರೂ ಹೇಳುತ್ತೇನೆ. ಗುಂಡುಗಳದ್ದೇ ತಪ್ಪು ಎಂದು ಜಮಖಂಡಿಗೆ ಹೋಗಿ ಬೇರೆ ಗುಂಡಿನ ಡಬ್ಬಿ ತಂದೆ. ಗಾಳಿಯದ್ದೇ ತಪ್ಪು ಎಂದು ಖಾಲಿ ಜಾಗದ ಬದಿಗೆ ಉದ್ದಕ್ಕೂ ಹಳೆಯ ಸೀರೆ ಕಟ್ಟಿದೆ. ಬಂದೂಕು ಊರುವ ಮೇಜು ಅಲುಗುತ್ತದೆ ಎಂದು ಅದರ ಕಾಲುಗಳನ್ನು ನೆಲದಲ್ಲಿ ಹುಗಿದೆ, ಹೆಂಡತಿ ಹಪ್ಪಳ ಒಣಗಿಸುವ ಮೇಜು ಅದು. ಪಕ್ಕದ ಶೆಡ್ಡಿನ ಮಗ್ಗಗಳು ನೆಲ ನಡುಗಿಸುತ್ತವೆ ಎಂದು ಅವರಿಗೆ ಅರ್ಧ ತಾಸು ಮಗ್ಗ ನಿಲ್ಲಿಸಲು ಹೇಳಿ, ಅವರಿಂದ ಕೇಳಬಾರದ್ದನ್ನು ಕೇಳಿಸಿಕೊಂಡು ಬಂದೆ. ಪಂದ್ಯ ಇಟ್ಟ ಸೈನಿಕರಿಗೆ ಫೋನ್ ಮಾಡಿದೆ. ಅವರು ನಿಧಾನವಾಗಿ ಕೇಳಿ, "ಮಿಸ್ತ್ರಿ, ಮೊದಲs, ತಿರುಪಿನ ಮ್ಯಾಲಿನ ಕೈ ತಗೀರಿ. ಐದು ಗುಂಡು ಹಾಕ್ರಿ, ಏನೂ ಮುಟ್ಟಬ್ಯಾಡ್ರಿ. ಐದೂ ಎಲ್ಲಿ ಗುಂಪಾಗ್ತಾವ ನೋಡ್ರಿ. ಗುಂಪು ಎಲ್ಲೇ ಇರಲಿ, ಗುಂಪು ಆತಂದ್ರ ಸ್ಕೋಪು ಛಲೋ ಐತಿ ಅಂತ ಲೆಕ್ಕ" ಎಂದರು.

ಐದು ಗುಂಡು ಮುಟ್ಟದೆ ಬಿಡುವುದೆಂದರೆ ನನಗೆ ಉಪವಾಸ ಇದ್ದಷ್ಟು ಕಷ್ಟವಾಯಿತು. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೆ. ಹೆಂಡತಿ ಐದು ಹೊಡೆದಳು. ಹೋಗಿ ನೋಡಿದರೆ ಗುಂಪೆಲ್ಲಿ? ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ, ಒಂದಂತೂ ಉಸುಕಿನ ಚೀಲವನ್ನೇ ಬಿಟ್ಟು ಕಲ್ಲಿಗೆ ತಾಗಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಗುಂಡು ಬದಲಿಸಿದ್ದಾಯಿತು, ಗಾಳಿ ತಡೆದದ್ದಾಯಿತು, ತಿರುಪು ಬಿಟ್ಟದ್ದಾಯಿತು, ಇನ್ನೇನು ಉಳಿಯಿತು? ಅವಳ ಕಡೆ ತಿರುಗಿ, "ಎಲ್ಲಾ ಸರಿ ಐತಿ! ನಿನ್ನ ಕಣ್ಣs ಹೋಗ್ಯಾವ ಕಾಣಸ್ತದ!" ಎಂದು ಒದರಿದೆ.

ಎಂದಿನಂತೆ ಅವಳು ತಿರುಗಿ ಬೈಯುತ್ತಾಳೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಒಂದು ಮಾತಿಗೆ ನಾಲ್ಕು ಮಾತು ಬರುವುದು ರೂಢಿ. ಅವಳು ಬಂದೂಕನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. "ಇರಬೇಕು ತಗೋರಿ" ಎಂದು ಒಳಗೆ ಹೋದಳು.

ಆ ಮಾತು ಎಲ್ಲಿ ಹೋಗಿ ನಾಟಿತು ಎಂದು ನನಗೆ ಗೊತ್ತಿರಬೇಕಿತ್ತು. ಅವಳ ಅವ್ವನೂ ಕೆಚ್ಚುವವಳೇ. ಐವತ್ತರ ಹತ್ತಿರ ಅವ್ವನ ಕಣ್ಣಿಗೆ ಮಬ್ಬು ಕವಿಯಿತು, ಐದು ವರ್ಷದಲ್ಲಿ ಪೂರ್ತಿ ಕತ್ತಲಾಯಿತು. ಅವ್ವ ಮೊದಲು ಎಳೆ ತಪ್ಪಿದಳು, ಆಮೇಲೆ ಬಾಗಿಲು ತಪ್ಪಿದಳು ಎಂದು ನನ್ನ ಹೆಂಡತಿ ಒಂದೇ ಒಂದು ಸಲ ನನಗೆ ಹೇಳಿದ್ದಳು. ಅದು ಗೊತ್ತಿದ್ದೂ ಆ ಮಾತು ಆಡಿದೆ. ಆಡಿದ ಮೇಲೆ ತಪ್ಪಾಯಿತು ಅನ್ನಲೂ ಇಲ್ಲ. ಮಗ್ಗದ ಬೆಲ್ಟು ನೋಡುವ ನೆವ ಮಾಡಿ ಶೆಡ್ಡಿಗೆ ಹೋದೆ.

ಮರುದಿನ "ಜಮಖಂಡಿಯೊಳಗ ಕಣ್ಣಿನ ಡಾಕ್ಟರ್ ಕಡೆ ಹೋಗಿ ಬರೂಣು ನಡಿ" ಎಂದೆ. ಅವಳು ರೊಟ್ಟಿ ಬಡಿಯುತ್ತಲೇ, "ಬ್ಯಾಡ್ರಿ. ಅವರು ಹೇಳಿಬಿಟ್ರ ಖರೆ ಆಗ್ತದ" ಎಂದಳು. ಆ ವಾರ ಅವಳು ಬಂದೂಕು ಮುಟ್ಟಿದ್ದು ಎರಡೇ ದಿನ. ಹೊಡೆದಳು, ತಪ್ಪಿತು, ಸುಮ್ಮನೆ ತಲೆಯಾಡಿಸಿದಳು, ತನಗೆ ಮೊದಲೇ ಗೊತ್ತಿತ್ತು ಎನ್ನುವಂತೆ. ಆಮೇಲೆ ಶುಕ್ರವಾರ ಎದುರು ಮನೆಯಾಕೆ ಬಂದು ನನಗೆ ಸುದ್ದಿ ಹೇಳಿದಳು: ನನ್ನ ಹೆಂಡತಿ ಕೆಚ್ಚುವುದನ್ನು ಬಿಡುತ್ತಾಳಂತೆ. ಸೋಮವಾರದಿಂದ ಅವಳ ಜಾಗದಲ್ಲಿ ಈಕೆ ಕೂರಬೇಕಂತೆ, ಮಾಲೀಕರಿಗೂ ಹೇಳಿ ಆಗಿದೆಯಂತೆ. "ಒಂದ ಸೀರಿ ಕೆಡಿಸೂದಕ್ಕಿಂತ ಮೊದಲ ಏಳತೀನಿ ಅಂದ್ಲಪಾ ಅಕ್ಕ. ಯಾಕಂತ?" ಎಂದು ಕೇಳಿದಳು. ಮೂವತ್ತೆರಡು ವರ್ಷದ ಕೆಲಸವನ್ನು ಅವಳು ಒಂದು ಸೋಡಾ ಮುಚ್ಚಳದ ಮಾತು ಕೇಳಿ ಬಿಡುತ್ತಿದ್ದಳು. ಮುಚ್ಚಳದ ಮಾತೂ ಅಲ್ಲ, ನನ್ನ ಮಾತು.

ಶನಿವಾರ ನಾನು ಯಾರ ಮಗ್ಗಕ್ಕೂ ಹೋಗಲಿಲ್ಲ. ಬಂದೂಕನ್ನು ಶೆಡ್ಡಿನ ಬೆಳಕಿಗೆ ತಂದು, ಇದು ಬಂದೂಕಲ್ಲ, ಮಗ್ಗ ಎಂದು ಮನಸ್ಸಿಗೆ ಹೇಳಿಕೊಂಡೆ. ಮಗ್ಗದಲ್ಲಿ ಒಂದು ಭಾಗ ಜಾರುತ್ತಿದೆಯೋ ಎಂಬ ಸಂಶಯ ಬಂದರೆ ನಾವು ಎರಡು ಭಾಗಗಳಿಗೂ ಸೇರಿಸಿ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆಯುತ್ತೇವೆ. ಸ್ವಲ್ಪ ಹೊತ್ತು ಓಡಿಸಿ ನೋಡಿದಾಗ ಗೆರೆ ತುಂಡಾಗಿದ್ದರೆ ಕಳ್ಳ ಸಿಕ್ಕ ಹಾಗೆ. ಬಳೆಯ ಮೇಲಿಂದ ಹಳಿಯ ಮೇಲಕ್ಕೆ ಒಂದು ಗೆರೆ ಎಳೆದು ಹತ್ತು ಗುಂಡು ಹೊಡೆದೆ. ನೋಡಿದರೆ ಬಳೆಯ ಗೆರೆ ಹಳಿಯ ಗೆರೆಯನ್ನು ಬಿಟ್ಟು ಎರಡು ನೂಲಿನಷ್ಟು ಹಿಂದೆ ಸರಿದಿತ್ತು. ಇನ್ನೂ ಹತ್ತು ಹೊಡೆದೆ, ಇನ್ನಷ್ಟು ಸರಿಯಿತು. ದುರ್ಬೀನು ಒಂದು ಕಡೆ ನಿಂತೇ ಇರಲಿಲ್ಲ. ಪ್ರತಿ ಏಟಿಗೂ ಸ್ಪ್ರಿಂಗು ಒದ್ದು ಅದನ್ನು ಅಷ್ಟಷ್ಟೇ ಅಲುಗಿಸುತ್ತಿತ್ತು.

"ಸಿಕ್ಕೆಲ್ಲೋ ಮಗನ!" ಎಂದು ಕೂಗಿ ಸ್ಕ್ರೂ ಬಿಚ್ಚಿದೆ. ಬಳೆ ಕೈಗೆ ಬಂತು. ಜಾರಿ ಕೆಳಗೆ ಬಿತ್ತು. ಮತ್ತೆ ಎತ್ತಿದೆ, ಮತ್ತೆ ಜಾರಿತು. ಬೆರಳು ನೋಡಿಕೊಂಡೆ, ಹೊಳೆಯುತ್ತಿದ್ದವು. ಮೂಸಿ ನೋಡಿದೆ.

ನನ್ನದೇ ಎಣ್ಣೆ. ಮಗ್ಗಕ್ಕೆ ಬಿಡುವ ಎಣ್ಣೆ. ದುರ್ಬೀನು ಕೂರಿಸಿದ ಮರುದಿನದಿಂದ ದಿನಾ ಮುಂಜಾನೆ ಮಗ್ಗಗಳಿಗೆ ಬಿಟ್ಟ ಮೇಲೆ ಅದೇ ಡಬ್ಬಿಯಿಂದ ಬಂದೂಕಿನ ಹಳಿಗೆ ನಾಲ್ಕು ಹನಿ, ಬಳೆಗೆ ಎರಡು ಹನಿ, ನಳಿಗೆ ಬಗ್ಗುವ ಕೀಲಿನೊಳಗೆ ಒಂದು ಧಾರೆ. ಹಳಿಯಲ್ಲಿದ್ದ ಎಣ್ಣೆ ದುರ್ಬೀನನ್ನು ಜಾರಿಸುತ್ತಿತ್ತು. ಕೀಲಿನಲ್ಲಿದ್ದದ್ದು ಒಳಗಿಳಿದು ಏಟಿನ ಬಿಸಿಗೆ ಉರಿದು, ಒಮ್ಮೆ ಗುಂಡನ್ನು ಜೋರಾಗಿ ಒಮ್ಮೆ ಮೆಲ್ಲಗೆ ನೂಕುತ್ತಿತ್ತು. ನಾನು ನೋಡಿ ಹಿಗ್ಗಿದ ಆ ಹೊಗೆ, ಆ ಸದ್ದು ಬಂದದ್ದು ಇದರಿಂದಲೇ. ಐದು ವಾರ ಸಂಜೆ ಹುಡುಕಿದ ಕಳ್ಳನಿಗೆ ನಾನೇ ಮುಂಜಾನೆ ಊಟ ಹಾಕುತ್ತಿದ್ದೆ.

ಬಟ್ಟೆಗೆ ಒಂದು ಹನಿ ಎಣ್ಣೆ ಬಿದ್ದರೆ ಓಣಿ ತುಂಬ ರಂಪ ಮಾಡುವ ಮನುಷ್ಯ ನಾನು. ಈಗ ಅಲ್ಲೇ ಕೂತು ನನ್ನ ತಲೆಗೆ ನಾನೇ ಎರಡು ಬಡಿದುಕೊಂಡೆ. ಆಮೇಲೆ ಹಳಿ, ಬಳೆ, ಸ್ಕ್ರೂ ಎಲ್ಲವನ್ನೂ ಒಣಬಟ್ಟೆಯಲ್ಲಿ ಮೂರು ಸಲ ಒರೆಸಿ, ಸ್ಪಿರಿಟ್ಟು ಹಚ್ಚಿ ಮತ್ತೆ ಒರೆಸಿದೆ. ನಳಿಗೆಯ ಒಳಗೂ ಒರೆಸಿದೆ. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ, ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ಎಂದು ಸಮವಾಗಿ ಬಿಗಿದೆ. ಮೊದಲ ಹತ್ತು ಹದಿನೈದು ಗುಂಡು ಉಳಿದ ಎಣ್ಣೆಯನ್ನು ಸುಡಲಿ ಎಂದು ಸುಮ್ಮನೆ ಹೊಡೆದೆ. ಆಮೇಲೆ ಐದು ಹೊಡೆದು, ಕೈ ಕಂಕುಳಲ್ಲಿಟ್ಟುಕೊಂಡು ಹೋಗಿ ನೋಡಿದೆ. ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ, ಮುಚ್ಚಳದಿಂದ ಮೂರು ಬೆರಳು ಎಡಕ್ಕೆ. ತಿರುಪು ತಿರುಗಿಸಿದೆ, ಬಲಕ್ಕೆ ಸರಿದು ಮುಚ್ಚಳಕ್ಕೇ ಬಂದವು. ನನ್ನ ಕೈಯಲ್ಲೇ ಹೀಗೆ ಹೋದರೆ ಅವಳ ಕೈಯಲ್ಲಿ ಹೇಗೆ ಹೋದಾವು!

ಓಡುತ್ತ ಒಳಗೆ ಹೋದೆ. ಹೆಂಡತಿ ಜಗಲಿಯ ಮೇಲೆ ಎದುರು ಮನೆಯಾಕೆಗೆ ಎಳೆ ಹೊಸೆಯುವ ರೀತಿ ತೋರಿಸುತ್ತಿದ್ದಳು. "ಬೆರಳಿಗೆ ಬೂದಿ ಹಚ್ಚಕೋ, ಇಲ್ಲಂದ್ರ ಎಳಿ ಜಾರತದ" ಎನ್ನುತ್ತಿದ್ದಳು. ನನ್ನ ಬಾಯಲ್ಲಿ ನಿಜ ಇತ್ತು, ಖರೆ ಹೇಳುತ್ತೇನೆ, ತುಟಿಯವರೆಗೆ ಬಂದಿತ್ತು. ಆದರೆ ಎದುರು ಮನೆಯಾಕೆ ಕೂತಿದ್ದಳು, ಅವಳಿಗೆ ಗೊತ್ತಾದರೆ ಸಂಜೆಯೊಳಗೆ ರಬಕವಿಯವರೆಗೆ ಗೊತ್ತಾಗುತ್ತದೆ. ಮಿಸ್ತ್ರಿ ದುರ್ಬೀನಿಗೆ ಎಣ್ಣೆ ಹಾಕಿದನಂತೆ! ಬಾಯಿಂದ ಬಂದದ್ದು ಬೇರೆ: "ಸ್ಕೋಪು ರಿಪೇರಿ ಆತು. ನಾನs ಮಾಡಿದೆ."

"ಸ್ಕೋಪ ರಿಪೇರಿ ಆತು. ಛಲೋ ಆತು" ಎಂದಳು, ತಲೆಯೆತ್ತದೆ. "ನಾಳಿಗೆ ಪಂದ್ಯಕ್ಕ ಹೋಗಿ ಬರೂಣು. ಹೆಸರ ಕೊಟ್ಟೇವಿ. ಅದs ಕಡೀ ಸಲ."

ಭಾನುವಾರ ನನ್ನ ಬೈಕಿನ ಮೇಲೆ ಮುಧೋಳ ದಾಟಿ ಲೋಕಾಪುರದ ಕಡೆ ಹೋದೆವು. ಅವಳು ಹಿಂದೆ, ಚೀಲದಲ್ಲಿ ಸುತ್ತಿದ ಬಂದೂಕು ಅವಳ ಮಡಿಲಲ್ಲಿ. ದಾರಿಯುದ್ದಕ್ಕೂ ಹೇಳಬೇಕು ಎಂದುಕೊಂಡೆ, ಪ್ರತಿ ಊರಿಗೂ ಮುಂದಿನ ಊರಿನಲ್ಲಿ ಎಂದು ಮುಂದೂಡಿದೆ. ಊರುಗಳು ಮುಗಿದುಹೋದವು.

ಸೈನಿಕರ ಹೊಲದಲ್ಲಿ ಮೂವತ್ತು ಜನ ಸೇರಿದ್ದರು. ಅವರ ಮುಧೋಳ ನಾಯಿಯೊಂದು ಗುರಿಗಳ ಪಕ್ಕದ ಬೇವಿನ ನೆರಳಿನಲ್ಲಿ ಮಲಗಿತ್ತು. ಅದನ್ನು ಕಟ್ಟಿ ದೂರ ಒಯ್ದ ಮೇಲೆ ಪಂದ್ಯ ಶುರುವಾಯಿತು. ಎರಡು ಸುತ್ತು, ಸುತ್ತಿಗೆ ಹತ್ತು ಗುಂಡು. ಹೆಂಡತಿಯ ಸರದಿ ಬಂದಾಗ ಒಬ್ಬಿಬ್ಬರು ಯುವಕರು ಮುಸಿಮುಸಿ ನಕ್ಕರು. ಅವಳು ಸೆರಗು ಸಿಕ್ಕಿಸಿ ಕೂತಳು. ಹತ್ತರಲ್ಲಿ ಎಂಟು ಮುಚ್ಚಳ ಹಾರಿದವು. ನಕ್ಕವರು ಚಪ್ಪಾಳೆ ಹೊಡೆದರು. ಸೈನಿಕರು, "ತಂಗಿ, ಏನ್ ಕಣ್ಣವಾ ನಿನ್ನವು!" ಎಂದರು.

ಅವಳು ಎದ್ದು ನಿಂತು, ಬಂದೂಕು ನನ್ನ ಕೈಗೆ ಕೊಡುತ್ತ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ನ ಕಣ್ಣ ಹೋಗ್ಯಾವ್ರಿ. ಐದು ವಾರ ಆತು, ಒಂದೂ ತಾಗಿಲ್ಲ. ಇವತ್ತ ಹೆಂಗೋ ಅದೃಷ್ಟ. ನಮ್ಮ ಯಜಮಾನ್ರು ನಿನ್ನೆ ಇಡೀ ದಿನ ಊಟ ಬಿಟ್ಟು ರಿಪೇರಿ ಮಾಡ್ಯಾರ. ಅವರ ಕೈಗುಣ ಇದು."

ಹಾಗೆ ಹೇಳಿ ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು. ಎಂಟು ಮುಚ್ಚಳ ಹಾರಿಸಿದ ಮೇಲೂ ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಬಂದಿರಲಿಲ್ಲ. ನಾನು ಕಸಿದುಕೊಂಡದ್ದನ್ನು ಮುಚ್ಚಳಗಳು ಹೇಗೆ ವಾಪಸ್ ಕೊಟ್ಟಾವು?

"ಎಂಥಾ ಕೈಗುಣ, ಮಣ್ಣಾಂಗಟ್ಟಿ!" ಎಂದು ಒದರಿದೆ. ಎಲ್ಲರೂ ತಿರುಗಿ ನೋಡಿದರು. "ಕೇಳ್ರಿ ಎಲ್ಲಾರೂ. ಆಕೀ ಕಣ್ಣಿಗೆ ಏನೂ ಆಗಿಲ್ಲ. ನಾ ದಿನಾ ಮುಂಜಾನೆ ಸ್ಕೋಪಿನ ಹಳಿಗೆ ಮಗ್ಗದ ಎಣ್ಣಿ ಹಾಕೀನಿ. ಐದು ವಾರ. ಒಂದು ದಿನ ತಪ್ಪಿಸಿಲ್ಲ! ಸ್ಕೋಪು ಜಾರಾಕತ್ತಿತ್ತು, ನಾ ಆಕೀ ಕಣ್ಣಿಗೆ ಬೈದೆ. ನಿನ್ನೆ ಗೊತ್ತಾತು, ಗೊತ್ತಾದ ಮ್ಯಾಲೂ ಹೇಳಲಿಲ್ಲ. ನಾಚಿಕಿ ಬಂತು. ತಪ್ಪು ನಂದು."

ಸೈನಿಕರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಮಿಸ್ತ್ರಿ, ನನ್ನ ಇಡೀ ನೌಕರಿಯೊಳಗ ಸ್ಕೋಪಿನ ಹಳಿಗೆ ಎಣ್ಣಿ ಹಾಕಿದವ್ರನ್ನ ನೋಡಿಲ್ಲ ನಾ!" ಎಂದರು. ಇಡೀ ಹೊಲ ನಕ್ಕಿತು. ನಗದವಳು ಒಬ್ಬಳೇ. ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಎಂದಿನಿಂದ ಹಾಕೀರಿ?"

"ಎರಡನೇ ದಿನದಿಂದ."

"ಅಂದ್ರ ಮೊದಲನೇ ದಿನ ಹಾರಿದ್ದು ಖರೆ?"

"ಖರೆ. ಎಲ್ಲಾ ಖರೆ. ನಿನ್ನ ಕಣ್ಣು ಖರೆ."

ಅವಳು ಬಂದೂಕನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಕಿತ್ತುಕೊಂಡಳು ಎಂದರೆ ಕಿತ್ತುಕೊಂಡಳೇ, ನನ್ನ ಹೆಬ್ಬೆರಳು ಎರಡು ದಿನ ನೋಯಿತು. ಎರಡನೆಯ ಸುತ್ತಿನಲ್ಲಿ ಹತ್ತಕ್ಕೆ ಹತ್ತು ಹಾರಿಸಿದಳು. ಒಂದೊಂದು ಹಾರಿದಾಗಲೂ ನನ್ನ ಕಡೆ ಒಮ್ಮೆ ದುರುಗುಟ್ಟಿ ನೋಡಿ ಮುಂದಿನದನ್ನು ಹೊಡೆದಳು. ಒಟ್ಟು ಹದಿನೆಂಟು. ಬೀಳಗಿಯ ಒಬ್ಬ ಹತ್ತೊಂಬತ್ತು ಹೊಡೆದು ಮೊದಲಿಗನಾದ. ಇವಳಿಗೆ ಎರಡನೆಯ ಬಹುಮಾನ, ಒಂದು ಸ್ಟೀಲಿನ ಕೊಡ. ಮೊದಲ ಸುತ್ತಿಗೆ ಮುಂಚೆಯೇ ನಾನು ಬಾಯಿ ಬಿಟ್ಟಿದ್ದರೆ ಅವಳೇ ಮೊದಲು ಬರುತ್ತಿದ್ದಳು ಎಂದು ಸೈನಿಕರು ನನ್ನ ಕಿವಿಯಲ್ಲಿ ಹೇಳಿದರು. ಹೇಳಬೇಕಾಗಿರಲಿಲ್ಲ, ನನಗೂ ಗೊತ್ತಿತ್ತು.

ವಾಪಸ್ ಬರುವಾಗ ಬಂದೂಕು ಅವಳ ಹೆಗಲಿಗೆ, ಕೊಡ ನಮ್ಮಿಬ್ಬರ ನಡುವೆ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ನಾನು ಕಾಯುತ್ತಿದ್ದೆ. ಮುಧೋಳ ದಾಟಿ, ಕಬ್ಬಿನ ಗಾಡಿಗಳ ಸಾಲು ಕಳೆದ ಮೇಲೆ ಅವಳು ನನ್ನ ಬೆನ್ನ ಹಿಂದಿನಿಂದ ಹೇಳಿದಳು:

"ಕದದಿಂದ ಒಲೀ ಮಟಾ ಹನ್ನೊಂದು ಹೆಜ್ಜಿ."

"ಏನದು?"

"ಬಚ್ಚಲಕ್ಕ ಹದಿನಾಲ್ಕು. ಒಲಿಯಿಂದ ನಿಮ್ಮ ಕುರ್ಚಿಗೆ ಒಂಬತ್ತು. ಮಧ್ಯಾಹ್ನ ನೀವು ಮಂದೀ ಮಗ್ಗಕ್ಕ ಹೋದ ಮ್ಯಾಲ ಕಣ್ಣ ಮುಚ್ಚಿ ನಡದ ನೋಡಾಕತ್ತಿದ್ದೆ. ಮೊದಲ ಮೊದಲ ಗ್ವಾಡಿಗೆ ಹಾಯ್ದೆ. ಈಗ ರೂಢಿ ಆಗೇತಿ. ಒಂದು ಹನಿ ಚೆಲ್ಲದಂಗ ಕಪ್ಪು ಹಿಡಕೊಂಡ ಬರ್ತೀನಿ."

"ಯಾಕ?" ಎಂದೆ. ಯಾಕೆಂದು ತಿಳಿದಿದ್ದೂ ಕೇಳಿದೆ.

"ಯಾಕಂದ್ರ? ಕಣ್ಣ ಹೋದ ಮ್ಯಾಲ ಸಂಜೀ ಐದಕ್ಕ ನಿಮಗ ಚಾ ಯಾರ ಕೊಡಬೇಕ್ರಿ?"

ನಾನು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಹ್ಯಾಂಡಲ್ ಹಿಡಿದುಕೊಂಡೇ ಅತ್ತೆ. ಐವತ್ತೆರಡು ವರ್ಷದ ಗಂಡಸು, ಹಗಲು ಹೊತ್ತಿನಲ್ಲಿ, ಹೋಗಿಬರುವ ಬಸ್ಸಿನವರೆಲ್ಲ ನೋಡುತ್ತಿರುವಾಗ, ಮೂಗು ಒರೆಸಿಕೊಳ್ಳಲೂ ಕೈ ಬಿಡದೆ ಅತ್ತೆ. ತಪ್ಪಾಯಿತು ಎಂದೆ. ಎಷ್ಟು ಸಲ ಎಂದೆನೋ ನೆನಪಿಲ್ಲ.

ಅವಳು ಕೆಳಗಿಳಿದು ಮುಂದೆ ಬಂದು ನಿಂತು, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ನನ್ನ ಕೆನ್ನೆಯನ್ನು ಜೋರಾಗಿ, ಉಜ್ಜಿದಂತೆಯೇ, ಒರೆಸಿದಳು.

"ಸುಮ್ಮನಾಗ್ರಿ ಇನ್ನ. ಮಂದಿ ನೋಡಾಕತ್ತಾರ" ಎಂದಳು. "ಬಂದೂಕ ನನ್ನ ಹೆಗಲ ಮ್ಯಾಲೈತಿ, ನೀವು ಹಿಂಗ ಅಳಾಕತ್ತೀರಿ. ನಾ ಏನ್ ಮಾಡೀನಂತ ತಿಳೀಬೇಕವರು?"